ಅಪ್ಪನಿಗೆ ಲಿವರ್ ಕಸಿ ಮಾಡಿಸಬೇಕು ಎಂದಿದ್ದಾರೆ. ತಂಗಿ ತನ್ನ ಲಿವರ್‌ನ ಒಂದು ಭಾಗ ಕೊಡಲು ಸಿದ್ಧ, ಅಮ್ಮ ಒಪ್ಪುತ್ತಿಲ್ಲ. ಅನುಭವ ಇದ್ದವರು ಹೇಳಿ

ಸಾಗರದ ತೋಟದವನು

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ನಮ್ಮ ಊರು, ಸ್ವಲ್ಪ ಅಡಿಕೆ ತೋಟ ಇದೆ. ಅಪ್ಪನಿಗೆ 58 ವರ್ಷ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಕುಡಿತ ಅಂತೂ ಒಂದು ದಿನಕ್ಕೂ ಇರಲಿಲ್ಲ. ಇದನ್ನು ಮೊದಲೇ ಹೇಳಲು ಕಾರಣ ಇದೆ. ಲಿವರ್ ಹೋಗಿದೆ ಎಂದ ಕೂಡಲೇ ಎಲ್ಲರೂ ಕೇಳುವುದು ಅದನ್ನೇ. ನೆಂಟರು ಕೇಳಿದಾಗಲೆಲ್ಲ ಅಪ್ಪ ತಲೆ ತಗ್ಗಿಸಿ ಕೂರುತ್ತಾರೆ. ನೋಡಲಿಕ್ಕೆ ಆಗುವುದಿಲ್ಲ.

ನಮಗೆ ಮೊದಲು ಗೊತ್ತಾಗಿದ್ದು ಒಂದು ಚೆಕ್ಕಿನಿಂದ. ಸಹಿ ಹೊಂದುತ್ತಿಲ್ಲ ಎಂದು ಅಪ್ಪ ಕೊಟ್ಟ ಚೆಕ್ ವಾಪಸ್ ಬಂತು. ಅಪ್ಪನ ಸಹಿಯನ್ನು ನಾನು ಶಾಲೆಯ ಪ್ರೋಗ್ರೆಸ್ ಕಾರ್ಡಿನ ಕಾಲದಿಂದ ನೋಡಿದವನು. ಕೊನೆಯ ಅಕ್ಷರದಿಂದ ಬಾಲದ ಹಾಗೆ ಒಂದು ಗೆರೆ ಎಳೆದು ಕೆಳಗೆ ಎರಡು ಚುಕ್ಕೆ ಇಡುತ್ತಾರೆ. ಆ ಚೆಕ್ಕಿನಲ್ಲಿ ಗೆರೆ ನಂಬರಿನ ಮೇಲೆ ಹರಿದು ಹೋಗಿತ್ತು, ಚುಕ್ಕೆ ನಾಲ್ಕು ಇದ್ದವು. ವಯಸ್ಸಾಯಿತು, ಕೈ ನಡುಗಿರಬೇಕು ಎಂದುಕೊಂಡೆವು. ಆಮೇಲೆ ಒಂದು ರಾತ್ರಿ ಎರಡು ಗಂಟೆಗೆ ಎದ್ದು ಬಚ್ಚಲ ಹಂಡೆಗೆ ಬೆಂಕಿ ಹಾಕುತ್ತಿದ್ದರು. ಬೆಳಗಾಯಿತು, ಸ್ನಾನ ಮಾಡುತ್ತೇನೆ ಎಂದರು. ಹಗಲೆಲ್ಲ ನಿದ್ದೆ, ರಾತ್ರಿ ಎಚ್ಚರ.

ಶಿವಮೊಗ್ಗದಲ್ಲಿ ತೋರಿಸಿದಾಗ ಸಿರೋಸಿಸ್, ಅಂದರೆ ಲಿವರ್ ಗಂಟುಗಟ್ಟಿ ಹೋಗಿದೆ ಎಂದರು. ಸಕ್ಕರೆ ಕಾಯಿಲೆಯ ಜೊತೆ ಫ್ಯಾಟಿ ಲಿವರ್ ವರ್ಷಗಟ್ಟಲೆ ಇದ್ದು ಹೀಗಾಗಿದೆ. ಲಿವರ್ ಸೋಸಬೇಕಾದ ಅಮೋನಿಯಾದಂಥ ವಿಷ ರಕ್ತದಲ್ಲೇ ಉಳಿದು ಮೆದುಳಿಗೆ ಹೋಗುತ್ತಿದೆ, ಅದಕ್ಕೇ ಈ ಗೊಂದಲ ಅಂತೆ. ಈಗ ದಿನಕ್ಕೆ ಎರಡು ಮೂರು ಸಲ ಮಲ ಸಡಿಲವಾಗಿ ಹೋಗುವ ಹಾಗೆ ಸಿರಪ್ ಕೊಡುತ್ತಿದ್ದೇವೆ. ಹೊಟ್ಟೆಯಲ್ಲಿ ನೀರು ತುಂಬಿ ಎರಡು ಸಲ ತೆಗೆಸಿದ್ದೇವೆ, ಎರಡನೇ ಸಲ ಐದು ಲೀಟರ್.

ಹೋದ ವಾರ ಬೆಂಗಳೂರಿನಲ್ಲಿ ತೋರಿಸಿದೆವು. ಲಿವರ್ ಎಷ್ಟು ಕೆಟ್ಟಿದೆ ಎಂದು ಹೇಳುವ ಮೆಲ್ಡ್ ಸ್ಕೋರ್ 24, ಕಸಿಗೆ ತಯಾರಾಗಿ ಎಂದರು. ಅಪ್ಪನದು ಓ ಗುಂಪಿನ ರಕ್ತ, ನನ್ನದು ಎ. ನನ್ನದು ಆಗುವುದಿಲ್ಲ. ತಂಗಿಯದು ಓ. ಅವಳಿಗೆ 29 ವರ್ಷ, ನಾಲ್ಕು ವರ್ಷದ ಮಗ ಇದ್ದಾನೆ. ಕೇಳಿದ ಕ್ಷಣವೇ ನಾನು ಕೊಡುತ್ತೇನೆ ಎಂದಳು. ಅಮ್ಮ ಮಾತ್ರ "ಒಬ್ಬರನ್ನು ಉಳಿಸಲು ಹೋಗಿ ಮಗಳನ್ನೂ ಕಳೆದುಕೊಳ್ಳಲಾ" ಎಂದು ಊಟ ಬಿಟ್ಟು ಕೂತಿದ್ದಾರೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಸ್ವಲ್ಪ ದಿನ ಔಷಧಿಯಲ್ಲೇ ನೋಡೋಣವಾ, ಅಥವಾ ಈಗಲೇ ಮುಂದುವರಿಯಬೇಕಾ?

ಹಾಸನದ ಅಕ್ಕ

ತಮ್ಮಾ, ನಾನು ಕೊಟ್ಟವಳು. 2019ರಲ್ಲಿ ನನ್ನ ಯಜಮಾನರಿಗೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಕಾಯಬೇಡ. ನಾವು ಎಂಟು ತಿಂಗಳು ಕಾದೆವು. ಪ್ರತಿ ಸಲ ನೀರು ತೆಗೆಸಿದಾಗ ಹತ್ತು ದಿನ ಆರಾಮಾಗಿ ಕಾಣುತ್ತಿದ್ದರು, ಸರಿಹೋಯಿತು ಎಂದು ನಂಬುತ್ತಿದ್ದೆವು. ಒಳಗೆ ಮೈ ಕರಗುತ್ತಿತ್ತು. ಆಪರೇಷನ್‌ಗೆ ಹೋಗುವ ಹೊತ್ತಿಗೆ ತೋಳು ಹಿಡಿದರೆ ನನ್ನ ಬೆರಳುಗಳು ಒಂದಕ್ಕೊಂದು ಮುಟ್ಟುತ್ತಿದ್ದವು. ಆ ಮೈ ತುಂಬಿಕೊಳ್ಳಲು ಆಮೇಲೆ ಒಂದು ವರ್ಷ ಹಿಡಿಯಿತು.

ಇನ್ನು ಕೊಡುವವರ ವಿಷಯ. ನನಗೆ ಸುಮಾರು ಹತ್ತು ದಿನ ಪರೀಕ್ಷೆ ನಡೆಯಿತು. ರಕ್ತ, ಸಿಟಿ ಸ್ಕ್ಯಾನ್, ಎಂಆರ್‌ಐ, ಹೃದಯ, ಶ್ವಾಸಕೋಶ, ಸ್ತ್ರೀರೋಗ ವೈದ್ಯರು, ಮನೋವೈದ್ಯರು. ಮನೋವೈದ್ಯರು ನನ್ನೊಬ್ಬಳನ್ನೇ ಕೂರಿಸಿಕೊಂಡು ಹೇಳಿದ ಮಾತು ಈಗಲೂ ನೆನಪಿದೆ. "ನಿಮಗೆ ಬೇಡ ಅನ್ನಿಸಿದರೆ ಈಗಲೂ ಹೇಳಿ. ನಿಮ್ಮ ಲಿವರ್ ಹೊಂದುವುದಿಲ್ಲ ಎಂದಷ್ಟೇ ಮನೆಯವರಿಗೆ ತಿಳಿಸುತ್ತೇವೆ. ಕಾರಣ ಯಾರಿಗೂ ಗೊತ್ತಾಗುವುದಿಲ್ಲ." ನಾನು ಅತ್ತುಬಿಟ್ಟೆ. ಅಲ್ಲಿಯವರೆಗೆ ನಿನಗೆ ಏನನ್ನಿಸುತ್ತದೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ ಮೇಲೆ, ಕೊಡುತ್ತೇನೆ ಎಂದು ನಾನೇ ನಿರ್ಧಾರ ಮಾಡಿದ ಹಾಗಾಯಿತು. ನಿನ್ನ ತಂಗಿಗೂ ಆ ಒಂದು ಗಂಟೆ ಸಿಗಲಿ. ಅವಳ ಜೊತೆ ನೀನು ಒಳಗೆ ಹೋಗಬೇಡ.

ಆಪರೇಷನ್ ಆದ ಮೇಲೆ ಮೊದಲ ಮೂರು ದಿನ ಕಷ್ಟ, ಸುಳ್ಳು ಹೇಳುವುದಿಲ್ಲ. ಕೆಮ್ಮಿದರೆ ಹೊಟ್ಟೆ ಹರಿದ ಹಾಗೆ ಆಗುತ್ತಿತ್ತು. ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಕೆಮ್ಮಿ ಎಂದು ನರ್ಸ್ ಹೇಳಿಕೊಟ್ಟರು. ಎರಡನೇ ದಿನವೇ ನಡೆಸಿದರು. ಎಂಟನೇ ದಿನ ಮನೆಗೆ ಬಂದೆ. ಮೂರು ತಿಂಗಳು ಭಾರ ಎತ್ತಬಾರದು ಎಂದಿದ್ದರು. ನೀರಿನ ಕೊಡ, ಗ್ಯಾಸ್ ಸಿಲಿಂಡರ್ ಯಾವುದನ್ನೂ ಮುಟ್ಟಲಿಲ್ಲ. ಮೂರು ತಿಂಗಳಿಗೆ ಸ್ಕ್ಯಾನ್ ಮಾಡಿದಾಗ ಲಿವರ್ ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬಂದಿತ್ತು. ಈಗ ನನಗೆ ಯಾವ ಮಾತ್ರೆಯೂ ಇಲ್ಲ. ಹೊಟ್ಟೆಯ ಮೇಲೆ ಗಾಯದ ಗೆರೆ ಇದೆ. ಚಳಿಗಾಲದಲ್ಲಿ ಸ್ವಲ್ಪ ತುರಿಸುತ್ತದೆ.

ತಂಗಿಗೆ ಮಗು ಚಿಕ್ಕದು ಅಂದೆ. ಅವನನ್ನು ಎತ್ತಿಕೊಳ್ಳಲು ಆಗುವುದಿಲ್ಲ, ಅದೊಂದು ದೊಡ್ಡ ಸಂಕಟ. ಈಗಿನಿಂದಲೇ ಅವನಿಗೆ ಅಜ್ಜಿಯ ಹತ್ತಿರ ಮಲಗುವ ಅಭ್ಯಾಸ ಮಾಡಿಸಿ.

ಕಸಿ ವಿಭಾಗದಲ್ಲಿದ್ದೆ

ನಾನು ಹನ್ನೊಂದು ವರ್ಷ ಕಸಿ ಸಂಯೋಜಕಿಯಾಗಿ ಕೆಲಸ ಮಾಡಿದ್ದೇನೆ. ಕೆಲವು ವಿಷಯ ಸ್ಪಷ್ಟ ಮಾಡುತ್ತೇನೆ.

ಮೆಲ್ಡ್ ಸ್ಕೋರ್ 6ರಿಂದ 40ರವರೆಗೆ ಇರುತ್ತದೆ. ಕಾಮಾಲೆಯಲ್ಲಿ ಏರುವ ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವುದನ್ನು ಹೇಳುವ ಐಎನ್‌ಆರ್, ಕಿಡ್ನಿಯ ಕ್ರಿಯಾಟಿನಿನ್, ಇವುಗಳ ಜೊತೆ ಸೋಡಿಯಂ ಸೇರಿಸಿ ಲೆಕ್ಕ ಹಾಕುತ್ತಾರೆ. ಜಾಸ್ತಿ ಆದಷ್ಟೂ ಮುಂದಿನ ಮೂರು ತಿಂಗಳಲ್ಲಿ ಜೀವಕ್ಕೆ ಅಪಾಯ ಜಾಸ್ತಿ. ಸಾಮಾನ್ಯವಾಗಿ 15 ದಾಟಿದರೆ ಕಸಿಯ ಲಾಭ ಅದರ ಅಪಾಯಕ್ಕಿಂತ ಹೆಚ್ಚು ಎಂದು ಲೆಕ್ಕ. ನಿಮ್ಮ ತಂದೆಯದು 24. ಹೊಟ್ಟೆಯಲ್ಲಿ ನೀರು, ಗೊಂದಲ ಎರಡೂ ಇವೆ. ಔಷಧಿ ಈಗ ಮಾಡುತ್ತಿರುವುದು ಕಸಿಯವರೆಗೆ ಅವರನ್ನು ಹಿಡಿದು ನಿಲ್ಲಿಸುವ ಕೆಲಸ. ಒಂದು ಸೋಂಕು ಬಂದರೂ ಲೆಕ್ಕ ತಲೆಕೆಳಗಾಗುತ್ತದೆ.

ಬಲಭಾಗದ ಲಿವರ್ ಕೊಡುವವರಲ್ಲಿ ಜೀವಕ್ಕೇ ಅಪಾಯ ಆಗುವುದು ಸಾವಿರಕ್ಕೆ ಎರಡರಿಂದ ಐದು ಜನರಲ್ಲಿ ಎಂದು ನಾವು ಮನೆಯವರಿಗೆ ಹೇಳುತ್ತಿದ್ದೆವು. ಪಿತ್ತರಸ ಸೋರುವುದು, ಗಾಯಕ್ಕೆ ಸೋಂಕು, ಆಮೇಲೆ ಹರ್ನಿಯಾ, ಇಂಥವು ಅದಕ್ಕಿಂತ ತುಂಬಾ ಜಾಸ್ತಿ ಕಾಣುತ್ತವೆ. ಹೆಚ್ಚಿನವು ವಾಸಿಯಾಗುತ್ತವೆ. ಆದರೂ ಅಮ್ಮನ ಭಯ ಬರೀ ಭ್ರಮೆ ಅಲ್ಲ. "ಏನೂ ಆಗಲ್ಲ ಅಮ್ಮಾ" ಎನ್ನಬೇಡಿ. ಅವರನ್ನೂ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಈ ಅಂಕಿಯನ್ನು ವೈದ್ಯರ ಬಾಯಿಂದಲೇ ಕೇಳಿಸಿ.

ಅಂಗಾಂಗ ಕಸಿಯ ಕಾನೂನು 1994ರದು, 2011ರಲ್ಲಿ ತಿದ್ದುಪಡಿ ಆಯಿತು. ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ, ಅಜ್ಜಿ, ಮೊಮ್ಮಕ್ಕಳು, ಇಷ್ಟು ಜನ ಹತ್ತಿರದ ಸಂಬಂಧಿಗಳು. ಅಳಿಯ, ಸೊಸೆ, ಸೋದರಮಾವ ಈ ಪಟ್ಟಿಯಲ್ಲಿ ಇಲ್ಲ. ಅವರು ಕೊಡುವುದಾದರೆ ಅಧಿಕೃತ ಸಮಿತಿಯ ಒಪ್ಪಿಗೆ ಬೇಕು. ಕೊಡುವವರು ಹೆಣ್ಣುಮಕ್ಕಳಾದರೆ ಅವರ ಒಪ್ಪಿಗೆ ಸ್ವಂತದ್ದೇ ಎಂದು ಪಡೆಯುವವರನ್ನು ಬಿಟ್ಟು ಬೇರೊಬ್ಬರು ಖಚಿತಪಡಿಸಬೇಕು, ನಿಯಮದಲ್ಲೇ ಇದೆ. ಅದು ಬರೀ ಕಾಗದದ ಕೆಲಸ ಅಲ್ಲ. ಒತ್ತಾಯಕ್ಕೆ ಬಂದು ಕೂತ ಸೊಸೆಯಂದಿರನ್ನು ನಾನು ನೋಡಿದ್ದೇನೆ.

ಸಂಬಂಧ ತೋರಿಸಲು ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಇವತ್ತೇ ಅರ್ಜಿ ಹಾಕಿ. ತಂಗಿಯ ಆಧಾರ್‌ನಲ್ಲಿ ಮದುವೆಯ ನಂತರದ ಹೆಸರು, ಶಾಲೆಯ ದಾಖಲೆಯಲ್ಲಿ ಹಳೆಯ ಹೆಸರು ಇದ್ದರೆ ಅದಕ್ಕೊಂದು ಅಫಿಡವಿಟ್ ಬೇಕಾಗುತ್ತದೆ. ವೈದ್ಯರು ತಯಾರಾಗಿ, ಕಾಗದ ಬಾರದೆ ಎರಡು ವಾರ ಹೋದ ಮನೆಗಳು ಎಷ್ಟೋ.

ತಿಪಟೂರು ಗೆಳೆಯ

ನಮ್ಮ ಕಡೆ ಕಾಮಾಲೆಗೆ ನಾಟಿ ಔಷಧಿ ಕೊಡುವವರಿದ್ದಾರೆ. ಮೂರು ದಿನ ಬೆಳಿಗ್ಗೆ ಖಾಲಿ ಹೊಟ್ಟೆಗೆ. ನಮ್ಮ ಚಿಕ್ಕಪ್ಪನಿಗೆ ಪೂರ್ತಿ ವಾಸಿಯಾಯಿತು. ಕೊಯ್ಯುವ ಮೊದಲು ಒಮ್ಮೆ ನೋಡಬಹುದಲ್ವಾ?

ಕಸಿ ವಿಭಾಗದಲ್ಲಿದ್ದೆ

ನೀವು ಒಳ್ಳೆಯ ಮನಸ್ಸಿನಿಂದ ಹೇಳಿದ್ದೀರಿ, ಗೊತ್ತು. ಆದರೆ ಬೇಡ ಸರ್. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ, ಇ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಯಾವ ಸೊಪ್ಪು ತಿಂದಿದ್ದರೂ ಇಳಿಯುತ್ತಿತ್ತು. ಸಿರೋಸಿಸ್ ಬೇರೆ, ಅಲ್ಲಿ ಲಿವರ್ ಗಂಟುಗಂಟಾಗಿ ಕಟ್ಟಿಹೋಗಿರುತ್ತದೆ. ಅದರ ಮೇಲೆ ಗೊತ್ತಿಲ್ಲದ ರಸ ಕುಡಿಸಿದರೆ ಉಳಿದಿದ್ದೂ ಹೋಗಬಹುದು. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕಷಾಯ ಕುಡಿದವರಲ್ಲಿ ಲಿವರ್ ಕೆಟ್ಟಿದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಮನೆಯ ಅಂಗಳದ ಬಳ್ಳಿ ಎಂದ ಮಾತ್ರಕ್ಕೆ ಎಲ್ಲರಿಗೂ ಒಗ್ಗುವುದಿಲ್ಲ.

ಗದಗಿನ ಮೇಷ್ಟ್ರು

ನಾನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನನ್ನ ಅಣ್ಣ ಹೋಗಿ ನಾಲ್ಕು ವರ್ಷ ಆಯಿತು. ಅವನು ಕುಡಿಯುತ್ತಿದ್ದ. ರಕ್ತ ವಾಂತಿ ಆದ ದಿನ ಬಿಟ್ಟ, ಮತ್ತೆ ಮುಟ್ಟಲಿಲ್ಲ. ನಾವು ಮಾತ್ರ ನಾಚಿಕೆಗೆ ಯಾರಿಗೂ ಹೇಳಲಿಲ್ಲ. ದೊಡ್ಡ ಆಸ್ಪತ್ರೆಗೆ ಹೋದರೆ ಬೈಯುತ್ತಾರೆ ಎಂದು ಅವನೂ ಹೆದರಿದ್ದ. ಒಂದು ಆಸ್ಪತ್ರೆಯಲ್ಲಿ ಮೂರು ತಿಂಗಳು ಬರೀ ನೀರು ತೆಗೆದು ತೆಗೆದು ಕಳಿಸಿದರು. ಕಸಿ ಎಂಬ ಮಾತನ್ನೇ ಯಾರೂ ಎತ್ತಲಿಲ್ಲ. ಕೊನೆಗೆ ಬೆಂಗಳೂರಿಗೆ ತಂದಾಗ ಮೆಲ್ಡ್ 38, ಹೊಟ್ಟೆಯ ನೀರಿಗೆ ಸೋಂಕು, ಕಿಡ್ನಿ ನಿಂತಿತ್ತು. ಅಲ್ಲಿನ ವೈದ್ಯರು ಹೇಳಿದರು, "ಎರಡು ತಿಂಗಳ ಹಿಂದೆ ಬಂದಿದ್ದರೆ ಮಾತಾಡಬಹುದಿತ್ತು." ನಾನು ಕೊಡಲು ತಯಾರಿದ್ದೆ. ರಕ್ತದ ಗುಂಪೂ ಹೊಂದುತ್ತಿತ್ತು.

ಸಾಗರದ ತಮ್ಮಾ, ನಿಮಗೆ ಹೇಳುವವರು ಸಿಕ್ಕಿದ್ದಾರೆ. ಬೇಗ ಹೋಗಿ.

ಬೆಂಗಳೂರು ಬಸವನಗುಡಿ

ಮೇಷ್ಟ್ರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಒಂದು ಮಾತು. ಸತ್ತವರ ಲಿವರ್ ಸಿಗುವುದೇ ಕಡಿಮೆ. ಕುಡಿದು ಕೆಡಿಸಿಕೊಂಡವರಿಗೂ ಅದೇ ಸಾಲಿನಲ್ಲಿ ಜಾಗ ಕೊಡುವುದು ಸರಿಯಾ?

ಕಸಿ ವಿಭಾಗದಲ್ಲಿದ್ದೆ

ಸರಿ ಎಂದೇ ನನ್ನ ಅಭಿಪ್ರಾಯ. ಸಕ್ಕರೆ ಕಾಯಿಲೆಯವರಿಗೆ ನೀವು ಸಿಹಿ ತಿಂದಿರಿ ಎಂದು ಡಯಾಲಿಸಿಸ್ ನಿಲ್ಲಿಸುತ್ತೇವಾ? ಕುಡಿತ ಬಿಟ್ಟಿದ್ದಾರಾ, ಮನೆಯಲ್ಲಿ ಆಸರೆ ಇದೆಯಾ ಎಂದು ಮನೋವೈದ್ಯರು ನೋಡುತ್ತಾರೆ. ಬಹಳ ಕಡೆ ಆರು ತಿಂಗಳು ಬಿಟ್ಟಿರಬೇಕು ಎನ್ನುತ್ತಾರೆ. ಆದರೆ ಆರು ತಿಂಗಳು ಬದುಕಲಾರದ ಆಯ್ದ ಕೆಲವರಿಗೆ ಬೇಗ ಕಸಿ ಮಾಡಿದರೆ ಉಳಿಯುತ್ತಾರೆ ಎಂದು ಫ್ರಾನ್ಸಿನ ವೈದ್ಯರು 2011ರಲ್ಲೇ ತೋರಿಸಿದ್ದಾರೆ. ಮೇಷ್ಟ್ರ ಅಣ್ಣ ಕುಡಿತ ಬಿಟ್ಟಿದ್ದರು. ಅವರನ್ನು ಕೊಂದಿದ್ದು ನಾಚಿಕೆ ಮತ್ತು ತಡ.

ನ್ಯೂಜೆರ್ಸಿ ಕನ್ನಡಿಗ

ಇಲ್ಲಿ ಲೆಕ್ಕ ಬೇರೆ. ಹೆಚ್ಚಿನ ಕಸಿ ಮೆದುಳು ನಿಷ್ಕ್ರಿಯವಾದವರ ಅಂಗದಿಂದಲೇ ಆಗುತ್ತದೆ, 2002ರಿಂದ ಮೆಲ್ಡ್ ಪ್ರಕಾರ ಸರದಿ. ನಮ್ಮ ಭಾರತದಲ್ಲಿ ಉಲ್ಟಾ. ಬಹುಪಾಲು ಮನೆಯವರೇ ಕೊಡುತ್ತಾರೆ, ಅದರಲ್ಲೂ ಹೆಂಗಸರು. ದೆಹಲಿಯಲ್ಲಿ 1998ರಲ್ಲಿ ದೇಶದ ಮೊದಲ ಯಶಸ್ವಿ ಲಿವರ್ ಕಸಿ ಆದಾಗಲೂ ಎರಡು ವರ್ಷ ತುಂಬದ ಮಗುವಿಗೆ ತಂದೆಯೇ ಕೊಟ್ಟಿದ್ದು. ಮನೆಯವರ ಮೇಲೆ ಇಷ್ಟು ಭಾರ ಬೀಳದಿರಲಿ ಎಂದರೆ ಅಂಗದಾನ ಹೆಚ್ಚಬೇಕು.

ಮೈಸೂರು ನರ್ಸ್

ಹೌದು. ನಮ್ಮಲ್ಲಿ ಅಂಗದಾನ ನೋಡಿಕೊಳ್ಳುವ ಜೀವಸಾರ್ಥಕತೆ ಎಂಬ ರಾಜ್ಯ ಸಂಸ್ಥೆ ಇದೆ. ಆಸ್ಪತ್ರೆಯ ಮೂಲಕ ಅಲ್ಲಿ ಅಪ್ಪನ ಹೆಸರು ನೋಂದಾಯಿಸಿ. ತಂಗಿ ಕೊಡುತ್ತಾರೆ ಎಂದು ಇದನ್ನು ಬಿಡಬೇಡಿ, ಎರಡೂ ಒಟ್ಟಿಗೆ ನಡೆಯಲಿ. 2023ರಲ್ಲಿ ಕರ್ನಾಟಕದಲ್ಲಿ 178 ಕುಟುಂಬದವರು ತಮ್ಮವರ ಅಂಗಾಂಗ ಕೊಟ್ಟರು. ದೇಶದಲ್ಲಿ ಮುಂಚೂಣಿಯ ರಾಜ್ಯಗಳಲ್ಲಿ ನಮ್ಮದೂ ಒಂದು. ಆದರೂ ಕಾಯುವವರಿಗೆ ಹೋಲಿಸಿದರೆ ಬಹಳ ಕಡಿಮೆ.

ಐಸಿಯು ಹೊರಗೆ ನಾನು ನೋಡಿದ್ದು ಹೇಳುತ್ತೇನೆ. ಮನೆಯವರಿಗೆ ಒಪ್ಪಿಕೊಳ್ಳಲು ಆಗದಿರುವುದು ಒಂದೇ, ಮಾನಿಟರಿನಲ್ಲಿ ಹೃದಯ ಬಡಿಯುತ್ತಿದೆ, ಮೈ ಬೆಚ್ಚಗಿದೆ. ಕೋಮಾದಿಂದ ಎದ್ದವರಿದ್ದಾರೆ, ಇವರೂ ಏಳಬಹುದಲ್ವಾ ಎನ್ನುತ್ತಾರೆ. ಮೆದುಳು ಸತ್ತಿರುವುದು ಕೋಮಾ ಅಲ್ಲ. ವೆಂಟಿಲೇಟರ್ ತೆಗೆದು ನೋಡಿದರೆ ಸ್ವಂತ ಉಸಿರು ಬರುವುದಿಲ್ಲ. ನಾಲ್ಕು ವೈದ್ಯರ ತಂಡ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿಯೇ ಘೋಷಿಸುತ್ತದೆ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಅವರ ಮನೆಯವರು ಅಂಗಾಂಗ ದಾನ ಮಾಡಿದರು. ಆ ದುಃಖದಲ್ಲೂ ಹೂಂ ಅಂದರಲ್ಲ, ಅದು ಎಂಥ ದೊಡ್ಡ ಮನಸ್ಸು. ಆಮೇಲೆ ನಮ್ಮ ವಾರ್ಡಿನಲ್ಲಿ ಈ ಮಾತು ಎತ್ತುವುದು ನನಗೆ ಸ್ವಲ್ಪ ಸುಲಭವಾಯಿತು.

ಸಾಗರದ ತೋಟದವನು

ಎಲ್ಲರಿಗೂ ಧನ್ಯವಾದ. ಮೇಷ್ಟ್ರ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ವಂಶವೃಕ್ಷಕ್ಕೆ ಅರ್ಜಿ ಕೊಟ್ಟು ಬಂದೆ. ಎರಡು ಪ್ರಶ್ನೆ. ಖರ್ಚು ಎಷ್ಟು? ಅಪ್ಪನಿಗೆ ಊಟ ಏನು ಕೊಡಬೇಕು? ಬೇಳೆ, ಮೊಸರು ಕೊಡಬೇಡಿ, ಬರೀ ಗಂಜಿ ಕೊಡಿ ಎಂದು ಊರಲ್ಲಿ ಹೇಳುತ್ತಾರೆ.

ಹಾಸನದ ಅಕ್ಕ

ಗಂಜಿ ಮಾತ್ರ ಕೊಡಬೇಡ ಮಾರಾಯ. ಅದರಿಂದಲೇ ನಮ್ಮವರ ಮೈ ಅಷ್ಟು ಕರಗಿದ್ದು. ಮೊದಲೆಲ್ಲ ಪ್ರೋಟೀನ್ ನಿಲ್ಲಿಸುತ್ತಿದ್ದರಂತೆ, ಈಗ ವೈದ್ಯರೇ ಬೇಕು ಎನ್ನುತ್ತಾರೆ. ಬೇಳೆ, ಮೊಸರು, ಪನೀರ್, ತಿನ್ನುವವರಾದರೆ ಮೊಟ್ಟೆ. ಆಹಾರ ತಜ್ಞರು ನಮಗೆ ಒಂದು ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಎಂದು ಬರೆದುಕೊಟ್ಟಿದ್ದರು. ರಾತ್ರಿ ಮಲಗುವ ಮೊದಲು ಏನಾದರೂ ಒಂದಿಷ್ಟು ತಿನ್ನಿಸು, ಖಾಲಿ ಹೊಟ್ಟೆಯಲ್ಲಿ ಮಲಗಿದರೆ ಮಾಂಸಖಂಡ ಕರಗುತ್ತದೆ. ಬಿಡಬೇಕಾದ್ದು ಉಪ್ಪು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಡಬ್ಬಿ ಎತ್ತಿಡು. ಸಕ್ಕರೆ ಕಾಯಿಲೆಯೂ ಇರುವುದರಿಂದ ಒಮ್ಮೆ ಆಹಾರ ತಜ್ಞರಿಗೆ ತೋರಿಸಿಯೇ ಶುರು ಮಾಡು.

ಖರ್ಚು ನಮಗೆ ಇಬ್ಬರದೂ ಸೇರಿ 24 ಲಕ್ಷ ಆಯಿತು. ಒಂದು ಸೈಟ್ ಮಾರಿದೆವು. ಮೊದಲ ವರ್ಷ ಮಾತ್ರೆ, ರಕ್ತ ಪರೀಕ್ಷೆಗೆ ತಿಂಗಳಿಗೆ ಹದಿನೈದು ಸಾವಿರದ ಹತ್ತಿರ, ಈಗ ಅರ್ಧ.

ಕಸಿ ವಿಭಾಗದಲ್ಲಿದ್ದೆ

ಬಿಪಿಎಲ್ ಕಾರ್ಡ್ ಇದ್ದರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಅಂಗಾಂಗ ಕಸಿಗೆ ಸಹಾಯ ಇದೆ. ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ಇವಕ್ಕೆ ಆಪರೇಷನ್‌ಗೆ ಮೊದಲೇ, ಆಸ್ಪತ್ರೆಯ ಅಂದಾಜು ಪಟ್ಟಿ ಇಟ್ಟು ಹಾಕಬೇಕು. ವಿಮೆ ಇದ್ದರೆ ಕೊಡುವವರ ಖರ್ಚನ್ನೂ ಕೊಡುತ್ತಾರಾ ಎಂದು ಬರವಣಿಗೆಯಲ್ಲಿ ಕೇಳಿ. ಸುಮ್ನೆ ಫೋನಿನಲ್ಲಿ ಹೇಳಿದ್ದನ್ನು ನಂಬಬೇಡಿ.

ದೇವನಹಳ್ಳಿಯವನು

ನನಗೆ ಕಸಿ ಆಗಿ ಐದು ವರ್ಷ. ಒಂದು ವಿಷಯ ಯಾರೂ ಹೇಳಲಿಲ್ಲ. ಟ್ಯಾಕ್ರೊಲಿಮಸ್ ಎಂಬ ಮಾತ್ರೆ ಬೆಳಿಗ್ಗೆ ರಾತ್ರಿ ನಿಗದಿತ ಸಮಯಕ್ಕೆ ನುಂಗಬೇಕು. ಬೇರೆಯವರ ಲಿವರ್ ಇದು ಎಂದು ನಮ್ಮ ದೇಹ ಅದರ ಮೇಲೆ ಜಗಳಕ್ಕೆ ಹೋಗದ ಹಾಗೆ ತಡೆಯುವುದು ಅದೇ. ಆ ಮಾತ್ರೆಗೂ ಚಕ್ಕೋತ ಹಣ್ಣಿಗೂ ಆಗುವುದಿಲ್ಲ, ತಿಂದರೆ ರಕ್ತದಲ್ಲಿ ಔಷಧಿಯ ಮಟ್ಟ ಏರಿ ಕಿಡ್ನಿಗೆ ಪೆಟ್ಟು. ಚಕ್ಕೋತ ನಮ್ಮ ಊರಿನ ಹೆಮ್ಮೆ, ಹಿತ್ತಲಲ್ಲೇ ಮರ ಇದೆ. ಮೊದಲ ವರ್ಷ ಹಣ್ಣು ಬಿಟ್ಟಾಗ ಹೆಂಡತಿ ಅಷ್ಟನ್ನೂ ಕಿತ್ತು ಅಕ್ಕಪಕ್ಕದವರಿಗೆ ಹಂಚಿದಳು. ಈಗಲೂ ಹಾಗೇ ಮಾಡುತ್ತಾಳೆ. ವಾಸನೆ ಮಾತ್ರ ತಡೆಯಲು ಆಗುವುದಿಲ್ಲ!

ಮೊದಲ ಮೂರು ತಿಂಗಳು ಹಸಿ ತರಕಾರಿ, ರಸ್ತೆ ಬದಿಯ ಜ್ಯೂಸ್, ಮದುವೆ ಮನೆ ಬೇಡ. ಕುದಿಸಿ ಆರಿಸಿದ ನೀರು. ತೋಟದ ಗೊಬ್ಬರದ ಗುಂಡಿ ಹತ್ತಿರ ಅಪ್ಪನನ್ನು ಬಿಡಬೇಡಿ, ಬೂಸ್ಟಿನ ಸೋಂಕು ಬರುತ್ತದೆ.

ಸಾಗರದ ತೋಟದವನು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ತಂಗಿಯ ಪರೀಕ್ಷೆ ಮುಗಿಯಿತು. ಅಪ್ಪನ ತೂಕ ನೀರು ಬಿಟ್ಟು 62 ಕಿಲೋ. ತೂಕದ ಶೇ 0.8ರಷ್ಟಾದರೂ ಲಿವರ್ ಬೇಕಂತೆ, ಅಂದರೆ ಸುಮಾರು 500 ಗ್ರಾಂ. ತಂಗಿಯ ಬಲಭಾಗ 640 ಗ್ರಾಂ ಇದೆ. ಅವಳಿಗೆ ಉಳಿಯುವುದು ಶೇ 36. ಕನಿಷ್ಠ 30 ಉಳಿಯಲೇಬೇಕು, ಇದು ಸಾಕು ಎಂದರು.

ಅಮ್ಮನನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಸಾವಿರಕ್ಕೆ ಎರಡರಿಂದ ಐದು ಎಂಬ ಮಾತನ್ನು ಅವರೂ ಹೇಳಿದರು. ಅಮ್ಮ ಸುಮ್ಮನೆ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ನನ್ನ ಮಗಳು ಒಳಗೆ ನಿಮ್ಮ ಹತ್ತಿರ ಬೇಡ ಅಂದಿದ್ದರೆ ನಮಗೆ ಹೇಳುತ್ತಿದ್ದಿರಾ?" ವೈದ್ಯರು ಇಲ್ಲ ಎಂದರು. "ಹಾಗಾದರೆ ಅವಳೇ ಹೂಂ ಅಂದಿದ್ದಾಳೆ" ಎಂದು ಎದ್ದು ಬಂದರು. ಅವತ್ತು ಸಂಜೆ ಊಟ ಮಾಡಿದರು. ಪೂರ್ತಿ ಒಪ್ಪಿದ್ದಾರೆ ಎಂದು ಹೇಳಲಾರೆ. ದೇವರ ಮುಂದೆ ಕೂತರೆ ಗಂಟೆಗಟ್ಟಲೆ ಏಳುವುದಿಲ್ಲ.

ಅಪ್ಪನಿಗೆ ತಂಗಿಯೇ ಹೇಳಿದಳು. ಮೊದಲು ಬೇಡವೇ ಬೇಡ ಎಂದರು. "ನನ್ನ ಮದುವೆಗೆ ತೋಟ ಅಡ ಇಟ್ಟಾಗ ನನ್ನನ್ನು ಕೇಳಿದ್ದಿರಾ?" ಎಂದಳು. ಅಪ್ಪ ಮಾತಾಡಲಿಲ್ಲ. ಮರುದಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಸಿರಪ್ ನಾಟಿದೆ ಅನ್ನಿಸುತ್ತದೆ, ಗೆರೆ ಸರಿಯಾಗಿ ಬಂತು, ಚುಕ್ಕೆ ಎರಡೇ ಇದ್ದವು.

ಬರುವ ತಿಂಗಳ ಎರಡನೇ ವಾರ ಆಪರೇಷನ್. ಡಿಸ್ಚಾರ್ಜ್ ಆದ ಮೇಲೂ ಒಂದೆರಡು ತಿಂಗಳು ಆಸ್ಪತ್ರೆಯ ಹತ್ತಿರವೇ ಇರಬೇಕು ಎಂದಿದ್ದಾರೆ. ಬಾಡಿಗೆ ಮನೆ ನೋಡುವಾಗ ಏನು ಗಮನಿಸಬೇಕು?

ಹಾಸನದ ಅಕ್ಕ

ನೆಲಮಹಡಿಯದೇ ನೋಡು. ಶುರುವಿನಲ್ಲಿ ಮೆಟ್ಟಿಲು ಹತ್ತುವುದು ಇಬ್ಬರಿಗೂ ಕಷ್ಟ. ಕಮೋಡ್ ಇರಲಿ. ಅಪ್ಪನಿಗೆ ಬೇರೆ ರೂಮು, ಬೇರೆ ಬಚ್ಚಲು ಆದರೆ ಒಳ್ಳೆಯದು. ಮನೆ ಸೇರುವ ಮೊದಲು ಬೂಸ್ಟು ಹಿಡಿದ ಗೋಡೆ ಇದೆಯಾ ನೋಡು. ಅಡುಗೆ ಮನೆ ಇರಲೇಬೇಕು, ಹೊರಗಿನ ಊಟ ಬೇಡ. ಕುಕ್ಕರ್, ಮಿಕ್ಸಿ ಊರಿನಿಂದ ತರಬೇಡ, ನನ್ನ ಹತ್ತಿರ ಇನ್ನೊಂದು ಜೊತೆ ಇದೆ.

ದಿನ ಗೊತ್ತಾದ ಕೂಡಲೇ ತಿಳಿಸು. ಆಪರೇಷನ್ ಹತ್ತು ಹನ್ನೆರಡು ಗಂಟೆ ನಡೆಯುತ್ತದೆ. ನಾನು ಹಿಂದಿನ ರಾತ್ರಿಯ ಬಸ್ಸಿಗೆ ಬಂದು ಅಮ್ಮನ ಜೊತೆ ಕೂರುತ್ತೇನೆ.